ಧರೆ ಕೆರೆಸಿದ ಮೇಲೆ

ನಮ್ಮನೆ ಹಿಂದಿನ ಧರೆ, ಅಂದ್ರೆ ಗೋಡೆ ಹಾಗೆ ನಿಂತ ಮಣ್ಣಿನ ದಿಬ್ಬ, ಕೆರೆಸಿದ್ದು ನಾನೇ. "ಇನ್ನೊಂದು ವರ್ಷ ನೋಡೋಣ ಇರು" ಅಂತ ಯಜಮಾನರು ಎಷ್ಟು ಹೇಳಿದ್ರೂ ಕೇಳದೆ, ಕಾಫಿ ಕುಯ್ಲು ಮುಗಿದು ಕಣ ಖಾಲಿಯಾಗ್ತಿದ್ದ ಹಾಗೇ ಜೆಸಿಬಿ ಕರೆಸಿದೆ. 2019ರ ಆಗಸ್ಟಿನಲ್ಲಿ ಮೂಡಿಗೆರೆ ಕಡೆ ಗುಡ್ಡ ಜಾರಿದ್ದನ್ನ ನೋಡಿದವರಿಗೆ, ಬೆನ್ನ ಹಿಂದೆ ಹಸಿ ಮಣ್ಣಿನ ಧರೆ ಇಟ್ಕೊಂಡು ಮಳೆಗಾಲದ ರಾತ್ರಿ ಮಲಗೋದು ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ಧರೆ ಕೆರೆಸಿ ಅಲ್ಲಿ ಗೋಡೆ ಕಟ್ಟಿಸಿದ್ದಕ್ಕೆ ನನಗೇನೂ ಬೇಜಾರಿಲ್ಲ. ಆದ್ರೆ ಮನೆಗೆ ತಾಗಿದ ಇಪ್ಪತ್ತಡಿ ಕೆರೆಸಿದ್ರೆ ಸಾಕಿತ್ತು. "ಹೆಂಗೂ ಮಿಷನ್ ಬಂದಿದೆ, ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಡ್ತಿದ್ದೀವಿ" ಅಂತ ಹಿತ್ತಲ ಕೊನೇವರೆಗೂ ನುಣ್ಣಗೆ ಮಾಡಿಸಿಬಿಟ್ಟೆ.

ಆ ಕೊನೆಯ ಧರೆಯಲ್ಲಿ ಪೆನ್ಸಿಲ್ ತೂರುವಷ್ಟು ತೂತುಗಳಿದ್ದವು. ಮೂವತ್ತೋ ನಲವತ್ತೋ. ಬೆಳಗಿನ ಬಿಸಿಲು ನೇರ ಬೀಳೋ ಜಾಗ, ಮೇಲೆ ಹಲಸಿನ ಮರದ ಬೇರು ಚಾಚಿಕೊಂಡು ಮಳೆ ನೀರು ತಾಗದ ಹಾಗೆ ಚಪ್ಪರ ಹಾಕಿದಂತಿತ್ತು. ಅತ್ತೆ ಅದನ್ನ "ಕಣಜದ ತೂತು, ಕೈ ಹಾಕ್ಬೇಡ" ಅಂತಿದ್ರು. ನಾನೂ ಹಾಗೇ ಅಂದ್ಕೊಂಡಿದ್ದೆ. ಅದು ಕಣಜ ಅಲ್ಲ, ಹೊಟ್ಟೆ ಮೇಲೆ ನೀಲಿ ಪಟ್ಟೆ ಇರೋ ಒಂಟಿ ಜೇನು ಅಂತ ಗೊತ್ತಾಗಿದ್ದು ಧರೆ ಹೋಗಿ ಆರು ತಿಂಗಳಾದ ಮೇಲೆ. ಮೊಬೈಲಲ್ಲಿ ಹಳೇ ಫೋಟೋ ಅಳಿಸೋಕೆ ಕೂತಾಗ ಒಂದರಲ್ಲಿ ಆ ಹುಳ ಸ್ಪಷ್ಟವಾಗಿ ಸಿಕ್ತು.

ಜೇನು ಅಂದ ತಕ್ಷಣ ನಮ್ಮ ಕಡೆ ಜನಕ್ಕೆ ನೆನಪಾಗೋದು ಪೆಟ್ಟಿಗೆ, ಎರಿ, ತುಪ್ಪ. ಈಚೆಗೆ ಅದರ ಜೊತೆ ಸಬ್ಸಿಡಿ. ಜಗತ್ತಿನಲ್ಲಿ ಈವರೆಗೆ ಗುರುತಿಸಿರೋ ಜೇನಿನ ಜಾತಿಗಳು 20,000ಕ್ಕೂ ಹೆಚ್ಚು. ಹೆಜ್ಜೇನು, ತುಡುವೆ, ಕೋಲುಜೇನಿನ ಹಾಗೆ ಸಂಸಾರ ಕಟ್ಟಿಕೊಂಡು ತುಪ್ಪ ಕೂಡಿಡೋವು ಅದರಲ್ಲಿ ಸಣ್ಣ ಪಾಲು. ಮಿಕ್ಕ ಬಹುಪಾಲಿಗೆ ರಾಣಿಯೂ ಇಲ್ಲ, ಆಳುಕಾಳೂ ಇಲ್ಲ. ಒಬ್ಬಳೇ ತಾಯಿ. ಅವಳೇ ಗೂಡು ತೋಡಬೇಕು, ಅವಳೇ ದಿನಸಿ ತರಬೇಕು, ಅವಳೇ ಬಾಗಿಲು ಹಾಕಬೇಕು. ಒಂದು ಕೋಣೆಗೆ ಪರಾಗ, ಮಕರಂದ ಕಲಸಿದ ಮುದ್ದೆ ಇಟ್ಟು, ಅದರ ಮೇಲೆ ಒಂದೇ ಒಂದು ಮೊಟ್ಟೆ ಇಟ್ಟು, ಮುಚ್ಚಿ, ಪಕ್ಕದ ಕೋಣೆ ಶುರು ಮಾಡ್ತಾಳೆ. ಹುಟ್ಟೋ ಮರಿಯ ಮುಖವನ್ನ ಸಾಮಾನ್ಯವಾಗಿ ಅವಳು ನೋಡೋದೂ ಇಲ್ಲ. ತುಡುವೆ ರಾಣಿ ದಿನಕ್ಕೆ ನೂರಾರು ಮೊಟ್ಟೆ ಇಟ್ರೆ, ಇವಳು ಜೀವಮಾನವೆಲ್ಲಾ ದುಡಿದು ಬೆಳೆಸೋದು ಹತ್ತಿಪ್ಪತ್ತು ಮಕ್ಕಳನ್ನ. ಜೆಸಿಬಿಯ ಒಂದು ಬಕೆಟ್ ಮಣ್ಣಿನಲ್ಲಿ ಎಷ್ಟು ಜನ ತಾಯಂದಿರ ದುಡಿಮೆ ಇತ್ತೋ ಅಂತ ಲೆಕ್ಕ ಹಾಕಿದೆ. ಹಾಕಬಾರದಿತ್ತು.

(ಭ್ರಮರ-ಕೀಟ ನ್ಯಾಯ ಅಂತ ನಮ್ಮಲ್ಲೊಂದು ಹಳೇ ಮಾತಿದೆಯಲ್ಲ, ಹುಳ ಭ್ರಮರವನ್ನೇ ಧ್ಯಾನಿಸುತ್ತಾ ಭ್ರಮರವೇ ಆಗಿಬಿಡುತ್ತೆ ಅಂತ. ಅದು ಕಣಜದ ಸಮಾಚಾರ. ಕಣಜ ಮಣ್ಣಿನ ಗೂಡಿಗೆ ಹೊತ್ತು ಹಾಕೋ ಹಸಿರು ಹುಳ ಧ್ಯಾನ ಮಾಡೋಕೆ ಹೋಗಿರಲ್ಲ, ಕಣಜದ ಮರಿಗೆ ಊಟ ಆಗೋಕೆ ಹೋಗಿರುತ್ತೆ. ನಮ್ಮ ಈ ಜೇನಿನ ಮನೆಯಲ್ಲಿ ಶುದ್ಧ ಸಸ್ಯಾಹಾರ.)

ಗುಲಾಬಿ ಗಿಡದ ಎಲೆ ದುಂಡಗೆ ಕತ್ತರಿ ಹಾಕಿದ ಹಾಗೆ ಆಗಿರೋದನ್ನ ನೀವೂ ನೋಡಿರ್ತೀರಿ. ಹುಳ ತಿಂದಿದೆ ಅಂತ ಔಷಧಿ ಹೊಡೆಯೋರೇ ಜಾಸ್ತಿ. ಒಂದು ಬೆಳಗ್ಗೆ ಕಾಫಿ ಲೋಟ ಹಿಡ್ಕೊಂಡು ಗಿಡದ ಪಕ್ಕ ಕುಕ್ಕರಗಾಲಲ್ಲಿ ಕೂತೆ. ಬಂತು. ಇದೂ ಒಂದು ಒಂಟಿ ಜೇನೇ. ಎಲೆಯ ಅಂಚನ್ನ ಕಾಲುಗಳ ನಡುವೆ ಹಿಡ್ಕೊಂಡು, ತನ್ನ ಸುತ್ತಲೇ ತಿರುಗುತ್ತಾ ಕತ್ತರಿಸಿತು. ನಾನು ಒಂದು ಗುಟುಕು ಕುಡಿಯೋದ್ರೊಳಗೆ ಮುಗೀತು. ತುಂಡು ಕಳಚೋ ಮುಂಚೆಯೇ ರೆಕ್ಕೆ ಬಡಿಯೋಕೆ ಶುರು ಮಾಡಿತ್ತು. ಇಲ್ಲದಿದ್ರೆ ಎಲೆ ಜೊತೆ ಅದೂ ನೆಲಕ್ಕೆ. ಗೂಡಿನ ಗೋಡೆಗೆ ಉದ್ದನೆ ತುಂಡು, ಮುಚ್ಚಳಕ್ಕೆ ದುಂಡನೆ ತುಂಡು. ಅಳತೆಪಟ್ಟಿ ಇಲ್ಲದ ದರ್ಜಿ. ಅವತ್ತಿಂದ ನಮ್ಮ ಗುಲಾಬಿಗೆ ಔಷಧಿ ಬಂದ್.

ಈಗ ನನಗೆ ಮುಖ್ಯ ಅನ್ನಿಸಿದ ವಿಷಯ. ಒಂಟಿ ಜೇನು ಬದುಕೋಕೆ ಹೂವಿದ್ರೆ ಸಾಲದು, ಹೂವು ಗೂಡಿನ ಹತ್ತಿರ ಇರಬೇಕು. ಹೆಜ್ಜೇನಿನ ಹಾಗೆ ಮೈಲಿಗಟ್ಟಲೆ ಹೋಗಿಬರೋ ಶಕ್ತಿ ಇವಕ್ಕಿಲ್ಲ. ಸಣ್ಣ, ನಡುಗಾತ್ರದ ಜಾತಿಗಳು ಗೂಡಿನಿಂದ 150ರಿಂದ 600 ಮೀಟರ್ ಒಳಗೇ ಮೇಯೋದು. ದೂರ ಹೋದಷ್ಟೂ ಮುದ್ದೆ ಸಣ್ಣದಾಗುತ್ತೆ, ಮುದ್ದೆ ಸಣ್ಣದಾದ್ರೆ ಮಗುವೂ ಸಣ್ಣದು. ಜೇನಿನಲ್ಲಿ ಫಲಿತ ಮೊಟ್ಟೆ ಹೆಣ್ಣು, ಫಲಿಸದ ಮೊಟ್ಟೆ ಗಂಡು. ಯಾವುದನ್ನ ಇಡಬೇಕು ಅನ್ನೋದು ತಾಯಿಯ ಕೈಲಿದೆ. ಬಹಳ ಜಾತಿಗಳಲ್ಲಿ ಹೆಣ್ಣಿನದ್ದೇ ದೊಡ್ಡ ಮೈ, ಅದಕ್ಕೆ ಊಟವೂ ಜಾಸ್ತಿ ಬೇಕು. ಮೇವು ದೂರವಾದ ಕಡೆ ತಾಯಿ ಗಂಡು ಮೊಟ್ಟೆಗಳನ್ನೇ ಹೆಚ್ಚಾಗಿ ಇಡ್ತಾಳೆ ಅಂತ ಎಲೆ ಕತ್ತರಿಸೋ ಜೇನಿನಲ್ಲಿ ಕಂಡುಕೊಂಡಿದ್ದಾರೆ. ಬರೀ ಗಂಡುಮಕ್ಕಳಿದ್ರೆ ಮುಂದಿನ ವರ್ಷ ಗೂಡು ಕಟ್ಟೋರ್ಯಾರು? ಇದರ ಮೇಲೆ, ತಾಯಿ ಮನೆ ಬಿಟ್ಟಿದ್ದಷ್ಟು ಹೊತ್ತು ಬಾಗಿಲು ತೆರೆದೇ ಇರುತ್ತೆ. ಮೈ ಮೇಲೆ ತಿಳಿನೀಲಿ ಚುಕ್ಕೆ ಇರೋ ಇನ್ನೊಂದು ಜೇನು ಅದಕ್ಕೇ ಹೊಂಚು ಹಾಕ್ತಿರುತ್ತೆ. ಕಾಗೆ ಗೂಡಲ್ಲಿ ಕೋಗಿಲೆ ಮಾಡೋ ಕೆಲಸವನ್ನೇ ಅದು ನೀಲಿ ಪಟ್ಟೆಯ ಜೇನಿನ ಗೂಡಲ್ಲಿ ಮಾಡುತ್ತೆ. ನೋಡೋಕೆ ಮಾತ್ರ ಒಡವೆ ಇದ್ದ ಹಾಗಿದೆ, ಕಳ್ಳಿ.

ಈಗ ನಮ್ಮ ತೋಟ ನೋಡಿ. ಹೂಮಳೆ ಬಿದ್ದು ಕಾಫಿ ಅರಳಿದಾಗ ನಾಲ್ಕು ದಿನ ಹಬ್ಬ. ರೊಬಸ್ಟಾಕ್ಕೆ ಬೇರೆ ಗಿಡದ ಪರಾಗವೇ ಬೇಕು, ಆ ಕೆಲಸದಲ್ಲಿ ನಮ್ಮ ಕಡೆ ಹೆಜ್ಜೇನಿನದೇ ದರ್ಬಾರು, ಇಲ್ಲ ಅನ್ನಲ್ಲ. ಹಬ್ಬ ಮುಗಿದ ಮೇಲೆ ಉಳಿದ ದಿನಗಳಿಗೆ ಒಂಟಿ ಜೇನಿಗೆ ಊಟ ಯಾವುದು? ತುಂಬೆ, ಮುಟ್ಟಿದರೆ ಮುನಿ, ಬೇಲಿ ಸಾಲಿನ ಹೆಸರಿಲ್ಲದ ಹೂಗಳು. ಅದನ್ನೇ ನಾವು ಕಳೆ ಅಂತ ಡ್ರಮ್ಮುಗಟ್ಟಲೆ ಔಷಧಿ ಹೊಡೆದು ಸುಡೋದು. ಇಂಡೋನೇಷ್ಯಾದ ಸುಲವೇಸಿ ದ್ವೀಪದಲ್ಲಿ ಅರೇಬಿಕಾ ತೋಟಗಳನ್ನ ನೋಡಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರೇ ಜಾತಿ ಜೇನು ಬರ್ತಿದ್ದ ಕಡೆ ನೂರಕ್ಕೆ ಸುಮಾರು 60 ಹೂ ಕಾಯಿ ಕಚ್ಚಿದ್ರೆ, ಸುಮಾರು 20 ಜಾತಿ ಬರ್ತಿದ್ದ ಕಡೆ 90 ಕಚ್ಚಿತ್ತು. ಅರೇಬಿಕಾ ತನ್ನ ಪರಾಗದಲ್ಲೇ ಕಾಯಿ ಕಟ್ಟೋ ಗಿಡ, ಆದ್ರೂ ಇಷ್ಟು ವ್ಯತ್ಯಾಸ. ಸಂಸಾರಸ್ಥ ಜೇನುಗಳಿಗೆ ಕಾಡು ಹತ್ತಿರ ಇರಬೇಕಿತ್ತು, ಒಂಟಿ ಜೇನುಗಳು ಬಿಸಿಲು ಬೀಳೋ, ನೆಲದಲ್ಲಿ ಹೂ ಇರೋ ತೋಟದಲ್ಲೇ ಹೆಚ್ಚು ಸಿಕ್ಕವು. ಅಂದ್ರೆ ಕಾಡಿನ ಪಕ್ಕ ತೋಟ ಇಲ್ಲದ ನಮ್ಮಂಥೋರ ಕೈಲೂ ಸ್ವಲ್ಪ ಇದೆ.

ಹಿತ್ತಲಿನ ಬದನೆ ವಿಷಯ ಬೇರೆಯೇ. ಬದನೆ, ಟೊಮೇಟೊ ಹೂವಿನ ಪರಾಗ ಸಣ್ಣ ಕೊಳವೆಯೊಳಗೆ ಬಚ್ಚಿಟ್ಟಿರುತ್ತೆ, ಅಲ್ಲಾಡಿಸಿದ್ರೆ ಮಾತ್ರ ಉದುರುತ್ತೆ. ತುಡುವೆಗೆ ಆ ವಿದ್ಯೆ ಬರಲ್ಲ. ನೀಲಿ ಪಟ್ಟೆಯವಳು ಬಂದು ಹೂವಿಗೆ ಜೋತು ಬಿದ್ದು ಮೈ ನಡುಗಿಸಿದ್ರೆ, ಹಾರೋವಾಗಿನ "ಗುಂಯ್" ಇದ್ದಕ್ಕಿದ್ದ ಹಾಗೆ "ಝೀ" ಅಂತ ಏರುತ್ತೆ. ಕೊಟ್ಟಿಗೆ ತೊಲೆ ಕೊರೆಯೋ ದಪ್ಪ ಕಪ್ಪು ದುಂಬಿಗೂ ಈ ವಿದ್ಯೆ ಗೊತ್ತು. ಗಾಳಿಗೂ ಬದನೆ ಕಾಯಿ ಕಚ್ಚುತ್ತೆ ನಿಜ. ಆದ್ರೆ ಧರೆ ಹೋದ ವರ್ಷ ನಮ್ಮ ಹಿತ್ತಲಲ್ಲಿ ಆ "ಝೀ" ಕೇಳಿಸಲಿಲ್ಲ. ಕಾಯಿ ಎಷ್ಟು ಕಡಿಮೆಯಾಯ್ತು ಅಂತ ತೂಕ ಹಾಕಿಲ್ಲ, ಸದ್ದು ಇಲ್ಲದ್ದು ಗೊತ್ತಾಯ್ತು.

ದುಂಬಿಯ ಪಾಡೂ ಅಷ್ಟೇ. ಒಣಗಿದ ಮರ, ಹಳೇ ಬಿದಿರು ಬೇಕು ಅದಕ್ಕೆ. ಕೊಟ್ಟಿಗೆಗೆ ಈಗ ಕಬ್ಬಿಣದ ಪೈಪು, ತಗಡಿನ ಶೀಟು. ಮಣ್ಣಿನ ಗೋಡೆ ಸಿಮೆಂಟಾಯ್ತು, ಅಂಗಳಕ್ಕೆ ಟೈಲ್ಸ್ ಬಂತು. ಸಹಜ ಕೃಷಿ ಮಾಡೋ ಗೆಳತಿಯೊಬ್ಬರ ಹತ್ತಿರ ಇದನ್ನ ಹೇಳಿಕೊಂಡ್ರೆ, ಅವರ ತೋಟದಲ್ಲಿ ಇಂಚು ನೆಲ ಬಿಡದೆ ದರಗು (ಒಣಗಿದ ಎಲೆ) ಹೊದಿಸಿದ್ದಾರೆ! ಜೇನು ಜಾತಿಗಳಲ್ಲಿ ಹೆಚ್ಚಿನವು ನೆಲದಲ್ಲೇ ಗೂಡು ಮಾಡೋವು, ಅವಕ್ಕೆ ಬೇಕಾದದ್ದು ಬಿಸಿಲು ಬೀಳೋ, ನೀರು ನಿಲ್ಲದ ಬೋಳು ನೆಲ. "ಒಂದು ಮೂಲೆ ಬೋಳು ಬಿಡೇ ಮಾರಾಯ್ತಿ" ಅಂದೆ. "ಇಷ್ಟು ವರ್ಷ ಮುಚ್ಚು ಮುಚ್ಚು ಅಂದ್ರು, ಈಗ ನೀನು ಬಿಚ್ಚು ಅಂತೀಯಲ್ಲ" ಅಂತ ನಕ್ಕಳು.

ಆನ್‌ಲೈನಲ್ಲಿ ಜೇನಿನ ಹೋಟೆಲ್ ಅಂತ ಚಂದದ ಪೆಟ್ಟಿಗೆ ಸಿಗುತ್ತೆ. ನಾನೂ ತರಿಸಿದೆ. ಪ್ಲಾಸ್ಟಿಕ್ ಕೊಳವೆಗಳು, ನಮ್ಮ ಜಡಿಮಳೆಗೆ ಒಳಗೆಲ್ಲಾ ಬೂಷ್ಟು. ಈಗ ಒಣ ಬಿದಿರನ್ನ ಗಿಣ್ಣಿನ ಹಿಂದೆ ಕೊಯ್ದು, ಒಂದು ಬದಿ ಮುಚ್ಚಿರೋ ಹಾಗೆ ಕಟ್ಟು ಕಟ್ಟಿ, ಸೂರಿನ ಕೆಳಗೆ ಪೂರ್ವಕ್ಕೆ ಮುಖ ಮಾಡಿ ತೂಗು ಹಾಕಿದ್ದೀನಿ. ಹಿತ್ತಲ ಕೊನೆಯಲ್ಲಿ ಆಳೆತ್ತರಕ್ಕೆ ಮಣ್ಣು ಪೇರಿಸಿ ಹೊಸ ಧರೆ ಮಾಡಿಸಿದೆ. ಅತ್ತೆ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಕಳೆ ತೆಗೆಯೋ ಹೆಂಗಸರು "ಅಕ್ಕ, ಈ ತುಂಬೆ ಕೀಳ್ಲಾ?" ಅಂತ ಪ್ರತಿ ಸಲ ಕೇಳ್ತಾರೆ, ನನ್ನ ತಲೆ ಕೆಟ್ಟಿದೆಯಾ ಅಂತ ನೋಡೋಕೆ.

ಹೊಸ ಧರೆಯಲ್ಲಿ ಇನ್ನೂ ಒಂದೂ ತೂತು ಬಿದ್ದಿಲ್ಲ. ಬಿದಿರಿನ ಕಟ್ಟಿಗೂ ಯಾರೂ ಬಂದಿಲ್ಲ. ಆದ್ರೆ ಹೋದ ವಾರ ಯಜಮಾನರು ಪಂಪ್ ಮನೆಯಿಂದ ಫೋನ್ ಮಾಡಿ, "ಬೀಗದ ತೂತಿಗೆ ಯಾರೋ ಸೊಪ್ಪು ತುರುಕಿದ್ದಾರೆ, ಕೀ ಹೋಗ್ತಿಲ್ಲ" ಅಂತ ಬೈತಿದ್ರು. ಓಡಿ ಹೋಗಿ ನೋಡಿದ್ರೆ ಗುಲಾಬಿ ಎಲೆ, ದುಂಡಗೆ ಕತ್ತರಿಸಿದ್ದು. ಕಡ್ಡಿ ಹಾಕಿ ತೆಗೆಯೋಕೆ ಹೊರಟಿದ್ದವರ ಕೈ ಹಿಡ್ಕೊಂಡೆ. ಚಿಲಕ ಬಿಚ್ಚಿ, ಪಕ್ಕದಲ್ಲಿ ಬೇರೆ ಕೊಂಡಿ ಹೊಡೆದು ಹೊಸ ಬೀಗ ಹಾಕಿದ್ದಾರೆ. ಹಳೇದು ಅಲ್ಲೇ ಮೊಳೆಗೆ ನೇತಾಡ್ತಿದೆ.