ಒಣಮೀನು ಕಟ್ಟಿಕೊಂಡು ಮಾಸ್ತರ ಭೇಟಿಗೆ

ಜಪಾನಿನ ಕಿಶಿ ಸ್ಟೇಷನ್ನಿನ ಮಾಸ್ತರು ಒಂದು ಬೆಕ್ಕು. ಅವರನ್ನು ನೋಡಲೆಂದೇ ಆಫೀಸಿಗೆ ರಜೆ ಹಾಕಿ, ಗಡದ್ದಾಗಿ ಊಟ ಮುಗಿಸಿ, ಕಾಣಿಕೆಗೆಂದು ಒಣಮೀನಿನ ಪೊಟ್ಟಣ ಹಿಡಿದು ಒಸಾಕಾದ ತೆನ್ನೋಜಿಯಲ್ಲಿ ರೈಲು ಹತ್ತಿದೆ. ಸೀಟು ಸಿಕ್ಕಿತು. ಸೀಟು ಸಿಕ್ಕರೆ ನನಗೆ ನಿದ್ದೆ ಹತ್ತುತ್ತದೆ, ಇದು ಮೆಜೆಸ್ಟಿಕ್ ಬಸ್ಸುಗಳಲ್ಲಿ ಬೆಳೆದ ಅಭ್ಯಾಸ.

ಆ ರೈಲಿನದೊಂದು ಕಿತಾಪತಿಯಿದೆ. ಹಿನೆನೊ ಎಂಬಲ್ಲಿ ಅದು ಅಣ್ಣತಮ್ಮಂದಿರ ಹಾಗೆ ಪಾಲಾಗುತ್ತದೆ. ಮುಂದಿನ ನಾಲ್ಕು ಬೋಗಿ ಕನ್ಸಾಯಿ ವಿಮಾನ ನಿಲ್ದಾಣಕ್ಕೆ, ಹಿಂದಿನವು ವಕಯಾಮಕ್ಕೆ. ನಾನು ಯಾವುದರಲ್ಲಿ ಕೂತಿದ್ದೆ ಅಂತ ಬೇರೆ ಹೇಳಬೇಕೆ? ಕಣ್ಣು ಬಿಟ್ಟರೆ ಎರಡೂ ಕಡೆ ಸಮುದ್ರ. ವಕಯಾಮ ಕಡಲ ತೀರದ ಊರಲ್ಲವೇ ಎಂದು ಸಂಭ್ರಮದಿಂದ ಫೋಟೊ ಬೇರೆ ಹೊಡೆದೆ. ಇಳಿದರೆ, ಕಡಲಿಗೆ ಮಣ್ಣು ಸುರಿದು ಕಟ್ಟಿದ ದ್ವೀಪ. ಸುತ್ತ ಸೂಟ್‌ಕೇಸ್ ಎಳೆಯುವ ಜನ, ನಡುವೆ ಪಾಸ್‌ಪೋರ್ಟೂ ಇಲ್ಲದ ನಾನು, ನನ್ನ ಒಣಮೀನಿನ ವಾಸನೆ.

ಹೆಚ್ಚುವರಿ ದುಡ್ಡು ತೆತ್ತು, ವಾಪಸ್ ಹಿನೆನೊಗೆ ಬಂದು, ವಕಯಾಮ ಮುಟ್ಟಿ, ಅಲ್ಲಿಂದ 14.3 ಕಿ.ಮೀ. ದೂರದ ಪುಟ್ಟ ಲೈನಿನ ರೈಲು ಹಿಡಿದೆ. ಕಿಶಿ ಅದರ ಕೊನೇ ಸ್ಟೇಷನ್, ಇನ್ನು ನಿದ್ದೆ ಹೋದರೂ ದಾರಿ ತಪ್ಪುವಂತಿಲ್ಲ. ಸ್ಟೇಷನ್ ಶುರುವಾದದ್ದು 1933ರಲ್ಲಿ. ನಷ್ಟ ತಾಳಲಾರದೆ ಹಳೇ ಕಂಪನಿ ಲೈನಿಗೇ ಕೈಮುಗಿದಾಗ, 2006ರಲ್ಲಿ ವಕಯಾಮ ಎಲೆಕ್ಟ್ರಿಕ್ ರೈಲ್ವೆ ವಹಿಸಿಕೊಂಡು, ಖರ್ಚು ಉಳಿಸಲು ಕಿಶಿಯಲ್ಲಿದ್ದ ಸಿಬ್ಬಂದಿಯನ್ನು ತೆಗೆಯಿತು. ಮರುವರ್ಷ ಜನವರಿಯಲ್ಲಿ ಪಕ್ಕದ ಅಂಗಡಿಯ ತಮಾ ಎಂಬ ಮೂರು ಬಣ್ಣದ ಬೆಕ್ಕಿಗೆ ಟೋಪಿ ತೊಡಿಸಿ ಸ್ಟೇಷನ್ ಮಾಸ್ತರ್ ಮಾಡಿದರು. ಸಂಬಳ ಬೆಕ್ಕಿನ ತಿಂಡಿ! ನೋಡಲು ಜನ ಮುಗಿಬಿದ್ದರು, ಲೈನು ಉಸಿರಾಡಿತು. ಆಮೇಲೆ ಆಕೆಗೆ ಬಡ್ತಿಯ ಮೇಲೆ ಬಡ್ತಿ, ನಾನಂತೂ ಒಂದೇ ಹುದ್ದೆಯಲ್ಲಿ ಗೂಟ ಹೊಡೆದುಕೊಂಡು ಕೂತಿದ್ದೇನೆ. 2010ರಲ್ಲಿ ಸ್ಟೇಷನ್ನನ್ನೇ ಬೆಕ್ಕಿನ ಮುಖದಂತೆ ಕಟ್ಟಿದರು, ಕಿವಿ ಸಮೇತ. 2015ರಲ್ಲಿ ತಮಾ ತೀರಿಕೊಂಡಾಗ ಶಿಂಟೊ ಪದ್ಧತಿಯಂತೆ ದೇವರನ್ನಾಗಿ ಮಾಡಿ ಪ್ಲಾಟ್‌ಫಾರಂ ಮೇಲೇ ಗುಡಿಯಿಟ್ಟರು. ಕುರ್ಚಿಗೆ ಬಂದದ್ದು ನಿತಮಾ, ಅಂದರೆ ಎರಡನೇ ತಮಾ. ನಾನು ಹೊರಟಿದ್ದು ಇವರ ದರ್ಶನಕ್ಕೆ.

ಕಿಶಿ ಮುಟ್ಟಿದಾಗ ನಾಲ್ಕೂಕಾಲು. ಗಾಜಿನ ಕೋಣೆಗೆ ಮೂಗು ಒತ್ತಿ ನೋಡಿದೆ. ಖಾಲಿ! ಮಾಸ್ತರ ಡ್ಯೂಟಿ 10ರಿಂದ 4 ಮಾತ್ರ. ಜಪಾನಿನಲ್ಲಿ ಹೊತ್ತಿಗೆ ಸರಿಯಾಗಿ ಕೆಲಸ ಬಿಟ್ಟು ಮನೆಗೆ ಹೋಗುವ ಒಬ್ಬ ಅಧಿಕಾರಿಯನ್ನಾದರೂ ಕಂಡೆನಲ್ಲ. ಕಂಡೆನೇ? ಅದೂ ಇಲ್ಲ. ಗುಡಿಗೆ ಕೈಮುಗಿದು ಅದೇ ರೈಲು ಹತ್ತಿದೆ, ಈ ಸಲ ನಿಂತೇ ಬಂದೆ.

ರಾತ್ರಿ ಅಮ್ಮನಿಗೆ ಫೋನಿನಲ್ಲಿ ಗೋಳು ತೋಡಿಕೊಂಡೆ.

"ಅಲ್ಲ ಕಣೋ, ಇಲ್ಲಿ ಬೆಕ್ಕು ಅಡ್ಡ ಬಂದ್ರೆ ಎರಡು ನಿಮಿಷ ನಿಂತು ಹೋಗ್ತೀವಿ. ನೀನು ಬರಲಿಲ್ಲ ಅಂತ ಅಳ್ತಿದೀಯಲ್ಲೋ!"

ಕಾಣಿಕೆಗೆ ಏನು ಒಯ್ದಿದ್ದೆ ಅಂತ ಕೇಳಲಿಲ್ಲ, ಪುಣ್ಯ. ಪೊಟ್ಟಣ ಇನ್ನೂ ಬ್ಯಾಗಿನಲ್ಲೇ ಇತ್ತು.