ಬಿಜಲಿಗೆ ವಯಸ್ಸಾಗೇತಿ, ನನಗೂ ಗೊತ್ತೈತ್ರಿ

ಇವತ್ತು ಪಶು ಆಸ್ಪತ್ರೆಗೆ ಹೋಗಿ ಬಂದೆ. ಚಹಾ ಕುಡಿದರೂ ಸಿಟ್ಟು ಇಳಿದಿಲ್ಲ. ಇಲ್ಲಿ ಬರೆದಾದರೂ ಇಳಿಸಿಕೊಳ್ಳುತ್ತೇನೆ. ಉದ್ದ ಆಗುತ್ತದೆ, ಪುರುಸೊತ್ತು ಇದ್ದವರು ಓದಿ.

ನಮ್ಮ ಮುಧೋಳ ನಾಯಿ ಬಿಜಲಿ ನಿಮಗೆಲ್ಲ ಗೊತ್ತೇ ಇದ್ದಾಳೆ. ಬಾಗಲಕೋಟೆ ನವನಗರದ ನಮ್ಮ ಮನೆಗೆ ಬಂದವರಲ್ಲಿ ಅರ್ಧ ಜನ ಅವಳಿಗೆ ಹೆದರಿ ಗೇಟಿನ ಆಚೆ ನಿಂತು ಫೋನ್ ಮಾಡಿದವರೇ. ಈಗ ಅವಳಿಗೆ 11 ತುಂಬಿದೆ. ಇವತ್ತು ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಅವಳಿಗೆ ಏನೂ ಆಗಿರಲಿಲ್ಲ. ಏನೂ ಆಗಿಲ್ಲ ಅಂತ ಖಾತ್ರಿ ಮಾಡಿಕೊಳ್ಳೋಕೇ ಹೋಗಿದ್ದು. ಏಳೆಂಟು ವರ್ಷ ದಾಟಿದ ನಾಯಿಯನ್ನು ಆರು ತಿಂಗಳಿಗೊಮ್ಮೆ ತೋರಿಸಿ ಅಂತ ಡಾಕ್ಟರೇ ಹೇಳಿದ್ದಾರೆ. ನಾವು ಒಂದು ದೀಪಾವಳಿಯಿಂದ ಇನ್ನೊಂದು ದೀಪಾವಳಿಗೆ ಹೋಗುವಷ್ಟರಲ್ಲಿ ಅವುಗಳ ಮೈ ನಾಲ್ಕೈದು ವರ್ಷ ಮುಂದೆ ಹೋಗಿರುತ್ತದೆ.

ಬೇವಿನ ಗಿಡದ ಕೆಳಗೆ ಪಾಳಿಗೆ ಕೂತಿದ್ದೆವು. ಮುಂದೆ ಎರಡು ಎಮ್ಮೆ, ಒಂದು ಆಡು. ಬಿಳಿ ಕಾರಿನಿಂದ ಒಬ್ಬರು ಇಳಿದರು. ಕೈಯಲ್ಲಿ ಮುಧೋಳ ತಳಿಯ ಮರಿ, ಲಸಿಕೆಗೆ ಬಂದದ್ದು. ಮರಿ ಮುದ್ದಾಗಿತ್ತು, ಸುಳ್ಳು ಹೇಳಬಾರದು. ಬಿಜಲಿಯನ್ನು ನೋಡಿ ಕೇಳಿದರು:

"ಏನಾಗೇತ್ರಿ ಅಕ್ಕಾರ ಇದಕ್ಕ?"

"ಏನೂ ಆಗಿಲ್ಲ. ಸುಮ್ನೆ ತೋರಿಸಾಕ ಬಂದೀವಿ. ಹನ್ನೊಂದು ವರ್ಷ."

"ಅಯ್ಯ, ವಯಸ್ಸಾಗೇತಿ, ಬಿಡ್ರಿ. ಇನ್ನ ದವಾಖಾನಿ ಯಾಕ್ರಿ?"

ಅಷ್ಟಕ್ಕೇ ನಿಂತಿದ್ದರೆ ನಾನು ಈ ಪೋಸ್ಟ್ ಬರೆಯುತ್ತಿರಲಿಲ್ಲ. ಮುಂದುವರಿಸಿದರು. "ನಮ್ಮದೂ ಇಂಥಾದ್ದ ಒಂದ ಇತ್ತ್ರಿ. ಹಿಂದಿನ ಕಾಲು ಹಿಡದವು. ತ್ವಾಟಕ್ಕ ಬಿಟ್ಟ ಬಂದ್ವಿ."

"ತ್ವಾಟದಾಗ ಯಾರದಾರ್ರಿ?"

"ಯಾರಿಲ್ಲರಿ. ನೀರ ಬಿಡಾಕ ಆಳ ಬರ್ತಾನ, ವಾರಕ್ಕೊಮ್ಮೆ."

ಹೇಳಿ ಮುಗಿಸಿ, ಮರಿಯನ್ನು ಎದೆಗೆ ಆನಿಸಿಕೊಂಡು ಸೆಲ್ಫಿ ತೆಗೆದುಕೊಂಡರು. ಮುಖದಲ್ಲಿ ಒಂದಿಷ್ಟೂ ನಾಚಿಕೆ ಇಲ್ಲ. ಹಳೇ ಸೋಫಾ ಗುಜರಿಗೆ ಹಾಕಿದ ಸುದ್ದಿ ಹೇಳಿದ ಹಾಗೆ ಹೇಳಿದರು.

ನಾನು ಏನಾದರೂ ಅಂದುಬಿಡುತ್ತಿದ್ದೆ. ಅಷ್ಟರಲ್ಲಿ ನಮ್ಮ ಪಾಳಿ ಬಂತು. ದೇವರು ಅವರನ್ನು ಕಾಪಾಡಿದ.

ನಮ್ಮ ಜಿಲ್ಲೆಯವರಿಗೆ ಮುಧೋಳ ನಾಯಿ ಅಂದರೆ ಎದೆ ಉಬ್ಬುತ್ತದೆ, ಅಲ್ವಾ? ಮುಧೋಳದ ಘೋರ್ಪಡೆ ರಾಜರು ತಳಿ ಉಳಿಸಿದ ಕಥೆ ಹೇಳುತ್ತೇವೆ. ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗೆ ಜೋಡಿ ನಾಯಿ ಕೊಟ್ಟರು ಅನ್ನುತ್ತೇವೆ. 2005ರಲ್ಲಿ ಅಂಚೆ ಚೀಟಿ ಬಂತು. 2016ರಲ್ಲಿ ಸೈನ್ಯದವರು ಮೀರತ್‌ಗೆ ತರಬೇತಿಗೆ ಒಯ್ದರು. 2020ರಲ್ಲಿ ಪ್ರಧಾನಿ ಮನ್ ಕಿ ಬಾತ್‌ನಲ್ಲಿ ಹೆಸರು ಹೇಳಿದಾಗ ನನ್ನ ವಾಟ್ಸಾಪ್ ತುಂಬಿಹೋಗಿತ್ತು. ತಿಮ್ಮಾಪುರದಲ್ಲಿ ಈ ತಳಿಗೆ ಅಂತಲೇ ಸಂಶೋಧನಾ ಕೇಂದ್ರ ಇದೆ. ಎಲ್ಲ ಸರಿ, ನನಗೂ ಹೆಮ್ಮೆಯೇ. ಆದರೆ ಈ ಹೆಮ್ಮೆಯೆಲ್ಲ ಮೊಲದ ಹಿಂದೆ ಓಡುವ ನಾಯಿಗೆ ಮಾತ್ರ. ಓಟ ನಿಂತ ದಿನ ಅದು ತೋಟಕ್ಕೆ. ತೋಟ ಇಲ್ಲದವರು ಹೈವೇ ಢಾಬಾ ಹತ್ತಿರ ಬಿಟ್ಟು ಬರುತ್ತಾರೆ. ಬೈಪಾಸಿನಲ್ಲಿ ಎಲುಬು ಕಾಣುವ, ಕೊರಳಲ್ಲಿ ಇನ್ನೂ ಪಟ್ಟಿ ಇರುವ ನಾಯಿ ನೀವೂ ನೋಡಿರುತ್ತೀರಿ.

ಕಾನೂನು ಇಲ್ಲ ಅಂತಲ್ಲ. ಸಾಕಿದ ಪ್ರಾಣಿಯನ್ನು ಹಸಿವು ನೀರಡಿಕೆಯಿಂದ ನರಳುವ ಹಾಗೆ ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಸಲದ ತಪ್ಪಿಗೆ ಆ ಕಾಯ್ದೆಯಲ್ಲಿ ಬರೆದಿಟ್ಟ ದಂಡ ಎಷ್ಟು ಗೊತ್ತಾ? 10 ರೂಪಾಯಿಯಿಂದ 50 ರೂಪಾಯಿ. ಗಿರ್ಮಿಟ್ ತಿಂದು ಚಹಾ ಕುಡಿದರೆ ಅದಕ್ಕಿಂತ ಜಾಸ್ತಿ ಆಗುತ್ತದೆ.

ಇರಲಿ, ಆ ಮಾತಿಗೇ ಬರುತ್ತೇನೆ. "ವಯಸ್ಸಾಗೇತಿ, ಬಿಡ್ರಿ." ನಮ್ಮ ಓಣಿಯಲ್ಲಿ ಮನೆಗೊಬ್ಬ ಡಾಕ್ಟರ್ ಇದ್ದಾರೆ. ಎಲ್ಲರೂ ಬರೆಯುವ ಚೀಟಿ ಒಂದೇ. ನಾಯಿ ಕುಂಟಿತು, ವಯಸ್ಸಾಗೇತಿ. ಊಟ ಬಿಟ್ಟಿತು, ವಯಸ್ಸಾಗೇತಿ. ಬಾಯಿ ವಾಸನೆ, ವಯಸ್ಸಾಗೇತಿ. ಹಾಗಾದರೆ ಪಶುವೈದ್ಯರು ಐದೂವರೆ ವರ್ಷ ಕೂತು ಓದುವುದು ಏನನ್ನು?

ನೀರಿನ ವಿಷಯ ತಗೊಳ್ಳಿ. ನಮ್ಮ ಹಿಂದಿನ ಓಣಿಯಲ್ಲಿ ಒಂದು ಹೆಣ್ಣು ನಾಯಿ ಇತ್ತು. ಬೆದೆ ಮುಗಿದು ತಿಂಗಳಾಗಿತ್ತು. ಬಕೆಟ್‌ಗಟ್ಟಲೆ ನೀರು ಕುಡಿಯುತ್ತಿತ್ತು, ಮೂಲೆ ಹಿಡಿದು ಮಲಗುತ್ತಿತ್ತು. ಬ್ಯಾಸಿಗಿ ಬಿಸಿಲು ಅಂದರು, ವಯಸ್ಸು ಅಂದರು. ಅದಕ್ಕೆ ಗರ್ಭಕೋಶದಲ್ಲಿ ಕೀವು ತುಂಬಿತ್ತು. ಪಯೋಮೆಟ್ರಾ ಅನ್ನುತ್ತಾರೆ, ಮರಿ ಆಗದ ಹಾಗೆ ಆಪರೇಷನ್ ಮಾಡಿಸದ ಹೆಣ್ಣು ನಾಯಿಗಳಿಗೆ ವಯಸ್ಸಾದ ಮೇಲೆ ಬರುವ ರೋಗ. ಬೇಗ ತಂದರೆ ಗರ್ಭಕೋಶ ತೆಗೆದು ಉಳಿಸಬಹುದು. ಅವರು ತಂದದ್ದು ಅದು ಏಳಲಾರದ ಹಾಗೆ ಆದಮೇಲೆ. ನಾಯಿ ಇದ್ದಕ್ಕಿದ್ದಂತೆ ಜಾಸ್ತಿ ನೀರು ಕುಡಿದು ಜಾಸ್ತಿ ಉಚ್ಚೆ ಹೊಯ್ಯುತ್ತಿದ್ದರೆ ಕಿಡ್ನಿ ಇರಬಹುದು, ಸಕ್ಕರೆ ಕಾಯಿಲೆ ಇರಬಹುದು, ಇದೂ ಇರಬಹುದು. ಬಿಜಲಿಗೆ ಚಿಕ್ಕವಳಿದ್ದಾಗಲೇ ಆಪರೇಷನ್ ಆಗಿದೆ. ಆಗಲೂ ಜನ ನನ್ನನ್ನು ಬೈದಿದ್ದರು, "ಮುಧೋಳ ತಳಿ, ಮರಿ ಮಾರಿದ್ರ ರೊಕ್ಕ ಬರ್ತಿತ್ತು" ಅಂತ.

ಕಣ್ಣಿನದೂ ಹಾಗೆಯೇ, ಆದರೆ ಇಲ್ಲಿ ಒಂದು ತಮಾಷೆ ಇದೆ. ಅವಳ ಕಣ್ಣಲ್ಲಿ ತಿಳಿ ನೀಲಿ ಮಬ್ಬು ಬಂದಿದೆ. ಎಲ್ಲರೂ "ಪೊರಿ ಬಂದೈತಿ, ಕುರುಡಾತು" ಅಂದರು. ಡಾಕ್ಟರ್ ಟಾರ್ಚ್ ಹಾಕಿ ನೋಡಿ, ಇದು ಪೊರೆ ಅಲ್ಲ, ವಯಸ್ಸಿಗೆ ಮಸೂರ ಗಟ್ಟಿಯಾಗಿ ಹೀಗೆ ಕಾಣುತ್ತದೆ, ದೃಷ್ಟಿಗೆ ಅಂಥ ತೊಂದರೆ ಇಲ್ಲ ಅಂದರು. ನಿಜವಾಗಿಯೂ ವಯಸ್ಸಿನದೇ ಆಗಿದ್ದ ಒಂದೇ ಒಂದನ್ನು ಓಣಿಯ ಡಾಕ್ಟರುಗಳು ರೋಗ ಅಂದರು! ಶಭಾಷ್.

ಇನ್ನು ಕಾಲು ನೋವು. ಇದಕ್ಕೆ ಮಾತ್ರ ಎಲ್ಲರ ಹತ್ತಿರವೂ ಔಷಧ ಇದೆ. ತಮ್ಮದೇ ಮೊಣಕಾಲಿನ ಗುಳಿಗೆ. "ಅರ್ಧ ಬ್ರುಫೆನ್ ರೊಟ್ಟಿಯೊಳಗ ಇಟ್ಟು ಕೊಡ್ರಿ, ಓಡತೈತಿ." ದಯವಿಟ್ಟು ಕೊಡಬೇಡಿ. ಐಬುಪ್ರೊಫೆನ್ (ಬ್ರುಫೆನ್ ಅಂದರೆ ಅದೇ), ಡೈಕ್ಲೋಫೆನಾಕ್ ನಾಯಿಗೆ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಕಿಡ್ನಿ ಕೆಡಿಸುತ್ತವೆ. ನಾಯಿಗೆ ಕೊಡುವ ನೋವಿನ ಔಷಧ ಬೇರೆ ಇದೆ, ಅದನ್ನೂ ತೂಕ ನೋಡಿ, ರಕ್ತ ಪರೀಕ್ಷೆ ಮಾಡಿ ಕೊಡುತ್ತಾರೆ. ಬಿಜಲಿಗೆ ಚಳಿಗಾಲದಲ್ಲಿ ಹಿಂದಿನ ಕಾಲು ಬಿಗಿಯುತ್ತಿದ್ದವು. ಅರ್ಧ ತೊಂದರೆ ನಮ್ಮ ಟೈಲ್ಸ್ ನೆಲದ್ದೇ ಇತ್ತು. ಏಳುವಾಗ ಜಾರುತ್ತಿದ್ದಳು. ಅತ್ತೆಯವರ ಹಳೇ ಕೌದಿಗಳನ್ನು ಪಡಸಾಲೆಯಿಂದ ಅಡುಗೆ ಮನೆವರೆಗೆ ಹಾಸಿದೆವು, ಉಗುರು ಕತ್ತರಿಸಿದೆವು. ಈಗ ಕೌದಿ ಮೇಲೆ ರಾಣಿ ಹಾಗೆ ನಡೆದು ಬಂದು ರೊಟ್ಟಿ ಕೇಳುತ್ತಾಳೆ. ಬೇಸಿಗೆಯಲ್ಲಿ ಸೂರ್ಯ ಹುಟ್ಟುವ ಮೊದಲೇ ಸಣ್ಣ ವಾಕಿಂಗ್, ಆಮೇಲೆ ಸಂಜೆ ನೆಲ ಆರಿದ ಮೇಲೆ. ನಮ್ಮ ಬಾಗಲಕೋಟೆ ಬಿಸಿಲಲ್ಲಿ ಡಾಂಬರ್ ರಸ್ತೆ ಮೇಲೆ ಅವಳನ್ನು ನಡೆಸುವ ಮೊದಲು ನೀವು ಚಪ್ಪಲಿ ಬಿಟ್ಟು ನಿಂತು ನೋಡಿ.

"ಮನುಷ್ಯರಿಗೇ ಔಷಧಕ್ಕೆ ರೊಕ್ಕ ಇಲ್ಲ, ನಾಯಿಗೆ ರಕ್ತ ಪರೀಕ್ಷೆ ಅಂತೆ" ಅನ್ನುವವರು ಈಗ ಬರುತ್ತಾರೆ. ಬನ್ನಿ, ನಿಮ್ಮ ದಾರಿಯನ್ನೇ ಕಾಯುತ್ತಿದ್ದೆ. ಕೈಯಲ್ಲಿ ನಿಜವಾಗಿ ದುಡ್ಡಿಲ್ಲದವರ ಬಗ್ಗೆ ನಾನು ಒಂದು ಮಾತೂ ಆಡುವುದಿಲ್ಲ. ಇವತ್ತು ಎಮ್ಮೆ ತಂದಿದ್ದ ಅಜ್ಜ ಅಂಥವರೇ. ಬೆಳಗ್ಗೆಯಿಂದ ಎಮ್ಮೆ ಮೆಲುಕು ಹಾಕಿಲ್ಲ ಅಂತ ಊರಿಂದ ಟಂಟಂನಲ್ಲಿ ಹೇರಿಕೊಂಡು ಬಂದಿದ್ದರು. ಅವರು ಬಿಜಲಿಯ ಕಿವಿ ಮುಟ್ಟಿ ನೋಡಿ, "ಜ್ವರ ಇಲ್ಲ ತಗೀರಿ" ಅಂದರು. ರೊಕ್ಕದ ಆ ಮಾತು ಬರುವುದು ಅಂಥವರಿಂದ ಅಲ್ಲ. ಮರಿಗೆ ಸಾವಿರಾರು ರೂಪಾಯಿ ಎಣಿಸಿ, ಬೆಳ್ಳಿ ಗೆಜ್ಜೆಯ ಪಟ್ಟಿ ಹಾಕಿ, ಹುಟ್ಟುಹಬ್ಬಕ್ಕೆ ಕೇಕ್ ತರುವವರಿಂದ ಬರುತ್ತದೆ. ಆರು ತಿಂಗಳಿಗೊಂದು ತಪಾಸಣೆ ಆ ಕೇಕಿಗಿಂತ ಅಗ್ಗ. ಸರ್ಕಾರಿ ಪಶು ಆಸ್ಪತ್ರೆಯಲ್ಲಂತೂ ಇನ್ನೂ ಅಗ್ಗ. ಪಾಳಿ ಕಾಯಬೇಕು, ಎಮ್ಮೆ ಸಗಣಿ ತುಳಿಯಬೇಕು, ಅಷ್ಟೇ.

(ಒಂದು ಗುಟ್ಟು ಹೇಳುತ್ತೇನೆ. ಬಿಜಲಿಯ ಲ್ಯಾಬ್ ಬಿಲ್ಲನ್ನು ನಾನು ಕಿರಾಣಿ ಲೆಕ್ಕದಲ್ಲಿ ಸೇರಿಸುತ್ತೇನೆ. ನಮ್ಮನೆಯವರು ಇದನ್ನು ಓದುತ್ತಿದ್ದರೆ, ಹೌದು, ಆ ತಿಂಗಳು ತೊಗರಿಬೇಳೆ ಅಷ್ಟೊಂದು ತುಟ್ಟಿ ಆಗಿರಲಿಲ್ಲ.)

ಒಳಗೆ ಡಾಕ್ಟರ್ ಏನು ಮಾಡಿದರು ಅಂತ ಆ ಕಾರಿನವರು ನೋಡಬೇಕಿತ್ತು. ತುಟಿ ಎತ್ತಿ ವಸಡನ್ನು ಹೆಬ್ಬೆರಳಿನಿಂದ ಒತ್ತಿದರು. ಬಿಳಿಯಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಆಗಬೇಕು, ಆಯಿತು. ದವಡೆ ಕೆಳಗೆ, ಭುಜದ ಮುಂದೆ, ಮೊಣಕಾಲ ಹಿಂದೆ ಗಂಟು ಇದೆಯಾ ಅಂತ ಬೆರಳಾಡಿಸಿದರು. ಮೊಲೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಬೆರಳ ಸಂದಿಯಲ್ಲಿ ಉಣ್ಣೆ ಹುಡುಕಿದರು. ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕಣ್ಣು ಮುಚ್ಚಿ ಕೇಳಿದರು. ವರ್ಷದ ರೇಬಿಸ್ ಲಸಿಕೆಯೂ ಆಯಿತು. ಆಮೇಲೆ ತಕ್ಕಡಿ ಮೇಲೆ ನಿಲ್ಲಿಸಿದರು. 22 ಕಿಲೋ. ಹೋದ ಸಲಕ್ಕಿಂತ ಒಂದು ಕಿಲೋ ಕಡಿಮೆ.

ಒಂದು ಕಿಲೋ ಏನು ಮಹಾ ಅನ್ನಬೇಡಿ. 66 ಕಿಲೋ ಇರುವ ನಾನು ಮೂರು ಕಿಲೋ ಇಳಿದ ಲೆಕ್ಕ ಅದು. (ನಾನು ಇಳಿದರೆ ಸಿಹಿ ಹಂಚುತ್ತಿದ್ದೆ, ಆ ಮಾತು ಬೇರೆ.) ಮುಧೋಳ ನಾಯಿ ಹುಟ್ಟಾ ತೆಳ್ಳಗೆ, ಪಕ್ಕೆಲುಬು ಕಾಣುವುದೇ ಅದರ ಚೆಂದ. "ಊಟ ಹಾಕೂದಿಲ್ಲೇನ್ರಿ?" ಅಂತ ಕೇಳಿಸಿಕೊಂಡು ನಮಗೆ ಅಭ್ಯಾಸ ಆಗಿದೆ. ಅದಕ್ಕೇ ಕಣ್ಣಿಂದ ನೋಡಿ ಏನೂ ಗೊತ್ತಾಗುವುದಿಲ್ಲ, ತೂಗಲೇಬೇಕು. ತೂಗಿಸದೆ ಇದ್ದಿದ್ದರೆ ನನಗೂ ಗೊತ್ತಾಗುತ್ತಿರಲಿಲ್ಲ.

ಕಾರಣ ಹಲ್ಲಿರಬಹುದು. ಹಿಂದಿನ ದವಡೆ ಹಲ್ಲಿನ ಮೇಲೆ ಕಲ್ಲಿನ ಹಾಗೆ ಪಾಚಿ ಕಟ್ಟಿದೆ, ವಸಡು ಕೆಂಪಾಗಿದೆ, ಅಗಿಯುವಾಗ ನೋವಾಗಿ ರೊಟ್ಟಿ ಬಿಡುತ್ತಿರಬಹುದು ಅಂದರು. ಕಿಡ್ನಿಯೂ ಇರಬಹುದು. ಅದಕ್ಕೆ ರಕ್ತ ತೆಗೆದರು. ಆದರೆ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ) ಏರುವ ಹೊತ್ತಿಗೆ ಕಿಡ್ನಿಯ ಮುಕ್ಕಾಲು ಪಾಲು ಕೆಲಸ ನಿಂತಿರುತ್ತದಂತೆ. ಅದಕ್ಕಿಂತ ಮೊದಲೇ ಉಚ್ಚೆ ತೆಳುವಾಗಲು ಶುರುವಾಗುತ್ತದೆ. ಹಾಗಾಗಿ ನಾಳೆ ಬೆಳಗಿನ ಮೊದಲ ಉಚ್ಚೆ ಬೇಕು, ಚೊಕ್ಕ ಡಬ್ಬಿಯಲ್ಲಿ.

ಹೆಣ್ಣು ನಾಯಿಯ ಉಚ್ಚೆ ಹಿಡಿದವರು ಯಾರಾದರೂ ಇದ್ದೀರಾ? ಹೋದ ವರ್ಷ ಕಲಿತ ವಿದ್ಯೆ ಹೇಳುತ್ತೇನೆ. ಉದ್ದ ಹಿಡಿಯ ಸಾರಿನ ಸೌಟು ಬೇಕು. ಬಟ್ಟಲು ಹಿಡಿದುಕೊಂಡು ಬಗ್ಗಿದರೆ ಅವಳು ಥಟ್ಟನೆ ಎದ್ದು, ನಿಮಗೇನಾಗಿದೆ ಅನ್ನುವ ಹಾಗೆ ನೋಡುತ್ತಾಳೆ. ಸೌಟನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು, ಆಕಾಶ ನೋಡುತ್ತಾ ಹಿಂದೆ ನಡೆಯಬೇಕು. ಅವಳು ಕೂತು ಶುರು ಮಾಡಿದ ಮೇಲೆ ಸದ್ದಿಲ್ಲದೆ ಜಾರಿಸಬೇಕು. ಹಾಲು ತರಲು ಹೊರಟ ಎದುರು ಮನೆ ಕಾಕಾ ನಿಂತು ಪೂರ್ತಿ ನೋಡಿದರು. "ಏನವಾ ಇದು?" ಅಂದರು. ಸೌಟು ಎತ್ತಿ ತೋರಿಸಿದೆ. ಅಂದಿನಿಂದ ಅವರು ನಮ್ಮನೆಯಲ್ಲಿ ಸಾರು ಉಂಡಿಲ್ಲ. ಕಾಕಾ, ಅದು ಬೇರೆ ಸೌಟು, ಆಣೆ.

ಊಟದ ಹೊತ್ತಿಗೆ ಇದೆಲ್ಲ ಮನೆಯಲ್ಲಿ ಹೇಳಿದೆ. ಅತ್ತೆ ಕೇಳಿಸಿಕೊಂಡು, "ನನ್ನ ಮಂಡಿಗೂ ಎಲ್ಲಾರೂ ಹಂಗ ಅಂತಾರವಾ, ವಯಸ್ಸಾಗೇತಿ ಬಿಡಬೇ ಅಂತ" ಅಂದರು. ನಮ್ಮನೆಯವರು ತಟ್ಟೆ ನೋಡುತ್ತಾ ಕೂತರು. ಅತ್ತೆಯ ಮಂಡಿಗೆ ಎಕ್ಸ್‌ರೇ ಮಾಡಿಸಲು ಹೆಸರು ಬರೆಸಿದ್ದೇನೆ, ಸೋಮವಾರ.

ಬಿಜಲಿಯ ರಿಪೋರ್ಟ್ ಸರಿ ಇದ್ದರೆ ಮುಂದಿನ ವಾರ ಹಲ್ಲು ಸ್ವಚ್ಛ ಮಾಡಿಸುತ್ತೇವೆ. ಅರಿವಳಿಕೆ ಕೊಡಬೇಕು, ಅದೇ ನನ್ನ ಭಯ. ಮೈಯಲ್ಲಿ ಕೊಬ್ಬೇ ಇಲ್ಲದ ಈ ಬೇಟೆ ತಳಿಗಳಿಗೆ ಥಯೋಪೆಂಟೋನ್ ನಂಥ ಅರಿವಳಿಕೆ ಕೊಟ್ಟರೆ ಬೇಗ ಎಚ್ಚರ ಆಗುವುದಿಲ್ಲ. ಡಾಕ್ಟರಿಗೆ ಗೊತ್ತಿದೆ, ನಾನು ಬಾಯಿ ಬಿಡುವ ಮೊದಲೇ ಬೇರೆ ಔಷಧ ಬಳಸುತ್ತೇನೆ ಅಂದರು. ಆದರೂ ಎಚ್ಚರ ಆಗುವವರೆಗೆ ಹತ್ತಿರ ಇಬ್ಬರು ಇರಬೇಕು. ಹಾಗಂತ ನಮ್ಮನೆಯವರು ಒಂದು ದಿನ ರಜೆ ಹಾಕಿದ್ದಾರೆ. ಇಷ್ಟು ದಿನ "ನಾಯಿಗಿ ಹಲ್ಲಿನ ಡಾಕ್ಟರ್ ಏನ" ಅಂತ ನಗುತ್ತಿದ್ದ ಮನುಷ್ಯ. ಅರ್ಜಿಯಲ್ಲಿ ಕಾರಣ ಏನು ಬರೆದಿರಿ ಅಂತ ಕೇಳಿದೆ.

"ಮನೆಯಲ್ಲಿ ಹಿರಿಯರಿಗೆ ಹುಷಾರಿಲ್ಲ" ಅಂತ ಬರೆದಿದ್ದಾರಂತೆ.