ಚಿಕ್ಕಪ್ಪನಿಗೆ ಕಾಣದ ಕೆಂಪು

ಕಳೆದ ವರ್ಷ ಕೊಡಗಿನ ನಾಪೋಕ್ಲು ಹತ್ತಿರ ಚಿಕ್ಕಪ್ಪ ನಡೆಸುವ ಹೋಮ್‌ಸ್ಟೇಗೆ ನಾನೇ ವೆಬ್‌ಸೈಟ್ ಮಾಡಿಕೊಟ್ಟೆ. ಎರಡೇ ರೂಮು. ಯಾವ ದಿನ ಖಾಲಿ, ಯಾವ ದಿನ ಭರ್ತಿ ಅಂತ ನೋಡಲು ಒಂದು ಕ್ಯಾಲೆಂಡರ್ ಹಾಕಿದ್ದೆ. ಖಾಲಿ ಇದ್ದರೆ ಹಸಿರು, ಭರ್ತಿಯಾದರೆ ಕೆಂಪು. ಎಲ್ಲರೂ ಹಾಗೇ ತಾನೇ ಮಾಡೋದು?

ಜುಲೈಯ ಒಂದು ರಾತ್ರಿ, ಜಡಿಮಳೆಯಲ್ಲಿ, ಮೈಸೂರಿನಿಂದ ಒಂದು ಕುಟುಂಬ ಬಂದು ಅಂಗಳದಲ್ಲಿ ನಿಂತಿತು. ಜೊತೆಗೆ ಪುಟ್ಟ ಮಗು. ಎರಡೂ ರೂಮಿನಲ್ಲಿ ಆಗಲೇ ಜನ ಇದ್ದರು. ಅವರು ಫೋನ್ ಮಾಡಿ ಕೇಳಿದಾಗ ಚಿಕ್ಕಪ್ಪ ಕ್ಯಾಲೆಂಡರ್ ನೋಡಿಕೊಂಡೇ "ಖಾಲಿ ಉಂಟು, ಬನ್ನಿ" ಅಂದಿದ್ದರಂತೆ. ಕೊನೆಗೆ ಚಿಕ್ಕಪ್ಪ, ಚಿಕ್ಕಮ್ಮ ತಮ್ಮ ಕೋಣೆ ಬಿಟ್ಟುಕೊಟ್ಟು ಹಾಲ್‌ನಲ್ಲಿ ಚಾಪೆ ಹಾಸಿಕೊಂಡರು.

ಮರುದಿನ ನಾನು ಹೋಗಿ "ಚಿಕ್ಕಪ್ಪ, ಆ ದಿನ ಕೆಂಪು ಇತ್ತಲ್ಲ" ಅಂದೆ. ಅವರು ಫೋನನ್ನು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು. "ಎಲ್ಲ ಒಂದೇ ಥರ ಉಂಟಲ್ಲ ಮಾರಾಯ" ಅಂದರು.

ಆಗ ನೆನಪಾಯಿತು. ಕಾಫಿ ಕೊಯ್ಲಿನಲ್ಲಿ ಹಣ್ಣಿನ ಜೊತೆ ಹಸಿರು ಕಾಯಿನೂ ಚೀಲಕ್ಕೆ ಹಾಕುತ್ತಾನೆ ಅಂತ ಅಜ್ಜಿ ಇವರಿಗೆ ಬೈಯುತ್ತಿದ್ದರು. ಆಮೇಲೆ ಇವರು ಒಂದೊಂದನ್ನೂ ಬೆರಳಲ್ಲಿ ಹಿಚುಕಿ, ಮೆತ್ತಗಿದ್ದರೆ ಮಾತ್ರ ಬಿಡಿಸೋದು ಕಲಿತರು. ಉದಾಸೀನ ಅಂತಲೇ ನಾವೆಲ್ಲ ತಿಳಿದಿದ್ದೆವು. ಅವರಿಗೆ ಕೆಂಪು, ಹಸಿರು ಬೇರೆ ಬೇರೆಯಾಗಿ ಕಾಣೋದೇ ಇಲ್ಲ ಅಂತ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅರವತ್ತು ದಾಟಿದ ಮೇಲೆ, ನನ್ನ ಕ್ಯಾಲೆಂಡರಿನಿಂದ ಗೊತ್ತಾಯಿತು.

ಇದು ಎಕ್ಸ್ ಕ್ರೋಮೋಸೋಮಿನ ವಿಷಯ. ಗಂಡಸರಿಗೆ ಅದು ಒಂದೇ, ತಾಯಿಯಿಂದ ಬರೋದು, ಹಾಗಾಗಿ ಅವರಲ್ಲೇ ಜಾಸ್ತಿ. ನಾವು ಈಗ ಓದುತ್ತಿರುವ ಈ ಫೇಸ್‌ಬುಕ್ ಕಟ್ಟಿದ ಮಾರ್ಕ್ ಜುಕರ್‌ಬರ್ಗ್‌ಗೂ ಕೆಂಪು-ಹಸಿರು ಸರಿಯಾಗಿ ಕಾಣೋದಿಲ್ಲ, ನೀಲಿಯೇ ತನಗೆ ಚೆನ್ನಾಗಿ ಕಾಣೋದು ಅಂತ ಅವರೇ ಹೇಳಿದ್ದಾರೆ.

ಮನೆಗೆ ಬಂದು ಲೆಕ್ಕ ಹಾಕಿದೆ. ವೆಬ್‌ಸೈಟಿನ ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್, ಅಂದರೆ ಬೆಳಕಿನ ವ್ಯತ್ಯಾಸ, ಎಷ್ಟಿರಬೇಕು ಅಂತ ಡಬ್ಲ್ಯೂಸಿಎಜಿ ಎಂಬ ಅಂತರರಾಷ್ಟ್ರೀಯ ನಿಯಮವಿದೆ. ಮಾಮೂಲಿ ಗಾತ್ರದ ಅಕ್ಷರಕ್ಕೆ ಕಡಿಮೆ ಅಂದರೂ 4.5:1, ದೊಡ್ಡ ಅಕ್ಷರಕ್ಕೆ 3:1. ಬಿಳಿ ಮೇಲೆ ಕಪ್ಪು ಅಂದರೆ 21:1. ನಾನು ಹಾಕಿದ್ದ ಕಡುಗೆಂಪು, ಕಡುಹಸಿರು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ 1.3 ಕೂಡ ಇಲ್ಲ! ಬಣ್ಣ ಬೇರೆ, ಆದರೆ ಎರಡರ ಬೆಳಕು ಹೆಚ್ಚುಕಡಿಮೆ ಒಂದೇ. ಬಣ್ಣ ತೆಗೆದುಬಿಟ್ಟರೆ ಎರಡೂ ಬರೀ ಬೂದಿ. ಈಗ ಭರ್ತಿಯಾದ ದಿನದ ಮೇಲೆ ಅಡ್ಡಗೆರೆ ಎಳೆದು, ಕೆಳಗೆ "ಭರ್ತಿ" ಅಂತ ಬರೆದಿದ್ದೇನೆ. ಬಣ್ಣ ಇದೆ, ಆದರೆ ಬಣ್ಣವನ್ನೇ ನಂಬಿ ಕೂತಿಲ್ಲ.

ಆಮೇಲೆ ನಮ್ಮೂರಿನ ಬೇರೆ ಹೋಮ್‌ಸ್ಟೇ ಸೈಟ್‌ಗಳನ್ನೂ ನೋಡುತ್ತಾ ಹೋದೆ. ಬೇಜಾರಾಯಿತು. ಮಂಜು ಕವಿದ ಬೆಟ್ಟದ ಫೋಟೋ, ಅದರ ಮೇಲೆ ಬಿಳಿ ಅಕ್ಷರ. ಮಂಜೂ ಬಿಳಿ, ಅಕ್ಷರವೂ ಬಿಳಿ, ಓದೋದು ಹೇಗೆ? ಫೋಟೋ ಮೇಲೆ ತೆಳುವಾಗಿ ಒಂದು ಕಪ್ಪು ಪದರ ಹಾಕಿದರೆ ಮುಗಿಯಿತು, ಎರಡು ನಿಮಿಷದ ಕೆಲಸ. ಇನ್ನು ಹಸಿರು ಅಂತೂ ಕೇಳಬೇಡಿ. ತೋಟದ ಫೋಟೋ ಹಸಿರು, ಮೆನು ಹಸಿರು, ರೂಮ್ ಬುಕ್ ಮಾಡುವ ಬಟನ್ನೂ ಹಸಿರು. ಒತ್ತಬೇಕಾದ ಜಾಗವೇ ಕಣ್ಣಿಗೆ ಬೀಳೋದಿಲ್ಲ.

ನಮ್ಮ ಸುಗ್ಗಿ ಹಬ್ಬ ಪುತ್ತರಿ ದಿನ, ಊರು ಸೇರುವ ಬಯಲು ಮಂದ್‌ನಲ್ಲಿ, ಕೊಡವರ ಉದ್ದ ಕೋಟು ಕುಪ್ಯ ಹಾಕಿ ನಿಂತವರನ್ನು ನೋಡಿ. ಮೈಪೂರ್ತಿ ಕಪ್ಪು, ಸೊಂಟಕ್ಕೆ ಮಾತ್ರ ಕೆಂಪು ಬಟ್ಟೆಯ ಪಟ್ಟಿ, ಚೇಲೆ. ಎಷ್ಟು ದೂರದಿಂದ ನೋಡಿದರೂ ಕಣ್ಣು ಮೊದಲು ಹೋಗೋದು ಆ ಚೇಲೆಗೆ. ಕುಪ್ಯವೂ ಕೆಂಪಾಗಿದ್ದರೆ ಚೇಲೆ ಕಾಣುತ್ತಿತ್ತಾ? ಬುಕಿಂಗ್ ಬಟನ್ ಆ ಚೇಲೆ ಇದ್ದ ಹಾಗೆ ಇರಬೇಕು. ಇಡೀ ಪುಟಕ್ಕೆ ಒಂದೇ ಗಾಢ ಬಣ್ಣ, ಅದೂ ಒತ್ತಬೇಕಾದಲ್ಲಿ ಮಾತ್ರ. ಚಂದ ಕಾಣುತ್ತೆ ಅಂತ ಅದೇ ಬಣ್ಣವನ್ನು ಹೆಡಿಂಗಿಗೂ ಗೆರೆಗೂ ಬಳಿದರೆ ಅದಕ್ಕೆ ಬೆಲೆ ಇರೋದಿಲ್ಲ.

ತಿಳಿ ಬೂದಿ ಅಕ್ಷರದ ಫ್ಯಾಷನ್ ಬಗ್ಗೆ ನನಗೆ ನಿಜವಾಗಿಯೂ ಸಿಟ್ಟಿದೆ. 999999 ಅನ್ನೋ ಕೋಡಿನ ಬೂದಿ ಬಣ್ಣಕ್ಕೆ ಬಿಳಿ ಮೇಲೆ ಕಾಂಟ್ರಾಸ್ಟ್ 2.85 ಅಷ್ಟೇ. ಇಂಗ್ಲಿಷನ್ನಾದರೂ ಹೇಗೋ ಓದಬಹುದು, ಕನ್ನಡಕ್ಕೆ ಆಗೋದಿಲ್ಲ. ನಮ್ಮಲ್ಲಿ ಪ ಮತ್ತು ಷ ನಡುವೆ ಇರೋದು ಒಂದು ಪುಟ್ಟ ಗೆರೆ, ರ ಮತ್ತು ಠ ನಡುವೆ ಒಂದು ಚುಕ್ಕೆ. ಒತ್ತಕ್ಷರ ಅಂತೂ ಕೆಳಗೆ ಇನ್ನೂ ಚಿಕ್ಕದು. ಬಣ್ಣ ತೆಳುವಾದರೆ ಮೊದಲು ಮಾಯವಾಗೋದು ಇವೇ. ಅದರ ಮೇಲೆ ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತೋ ಗೊತ್ತಿಲ್ಲ, ಚಾರ್ಜ್ ಉಳಿಸಲು ಎಲ್ಲರೂ ಫೋನಿನ ಬೆಳಕು ತಗ್ಗಿಸಿಯೇ ಇಟ್ಟಿರುತ್ತಾರೆ. ಬೆಂಗಳೂರಿನ ಆಫೀಸಿನಲ್ಲಿ ದೊಡ್ಡ ಮಾನಿಟರ್ ಮುಂದೆ ಕೂತು ಬಣ್ಣ ಆರಿಸುವವರಿಗೆ ಇದು ನೆನಪಿರಬೇಕು.

ಕೊಡಗಿನಲ್ಲಿ ಹೋಮ್‌ಸ್ಟೇ ನಡೆಸುವವರು, ಕಾಫಿ ಪುಡಿ, ಜೇನು, ಮೆಣಸು ಆನ್‌ಲೈನ್‌ನಲ್ಲಿ ಮಾರುವವರು ಇದನ್ನು ಓದುತ್ತಿದ್ದರೆ ಒಂದು ಕೆಲಸ ಮಾಡಿ. ಫೋನಿನ ಸೆಟ್ಟಿಂಗ್‌ನಲ್ಲಿ, ಬಣ್ಣ ತೆಗೆದು ಬರೀ ಬೂದಿಯಲ್ಲಿ ತೋರಿಸುವ ಗ್ರೇಸ್ಕೇಲ್ ಆನ್ ಮಾಡಿ, ಮಧ್ಯಾಹ್ನದ ಬಿಸಿಲಿಗೆ ಅಂಗಳಕ್ಕೆ ಬಂದು ನಿಮ್ಮ ಸೈಟ್ ತೆರೆದು ನೋಡಿ. ಬೆಲೆ ಓದಕ್ಕಾಗುತ್ತಾ? ಬಟನ್ ಎಲ್ಲಿದೆ ಗೊತ್ತಾಗುತ್ತಾ? ಆಗದಿದ್ದರೆ ಇನ್‌ಬಾಕ್ಸ್‌ಗೆ ಲಿಂಕ್ ಕಳಿಸಿ, ಎಲ್ಲಿ ಏನು ಬದಲಿಸಬೇಕು ಅಂತ ನೋಡಿ ಹೇಳುತ್ತೇನೆ. ದುಡ್ಡು ಬೇಡ.